ದೀಪ ಅಂಟಿದ ಜಾಗ

ದಿಕ್ಸೂಚಿಯ ಮುಳ್ಳು ಸರಿಯಿತು. ಸರಿಯಬಾರದಾಗಿತ್ತು. ಆಕೆ ರೆಕ್ಕೆಯ ಹಿಂಬದಿಯ ಪಟ್ಟಿಯನ್ನು ಎಡಗೈಯಿಂದ ಮೆಲ್ಲಗೆ ಕೆಳಕ್ಕೆ ಒತ್ತಿದರೆ ಮುಳ್ಳು ಬಾಗಿಲನ್ನು ಬಿಟ್ಟು ಕಿಟಕಿಯ ಕಡೆ ಹೊರಳುತ್ತಿತ್ತು. ಪಟ್ಟಿಯನ್ನು ಮೇಲಕ್ಕೆತ್ತಿದರೆ ಏನೂ ಅರಿಯದವರ ಹಾಗೆ ಮತ್ತೆ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಇನ್ನೊಮ್ಮೆ ಮಾಡಿ ನೋಡಿದಳು. ಕನ್ನಡಕದ ಕಡ್ಡಿಯಲ್ಲೇ ಕಬ್ಬಿಣವಿರಬಹುದೆಂದು ಅದನ್ನು ತೆಗೆದು ಆಚೆ ಕಿಟಕಿಯಲ್ಲಿಟ್ಟು, ಮಂಜುಮಂಜಾದ ಕಣ್ಣಿನಲ್ಲೇ ಬಗ್ಗಿ ನೋಡಿದಳು. ಮುಳ್ಳಿಗೆ ದಾಕ್ಷಿಣ್ಯವಿಲ್ಲ. ವಿದ್ಯುತ್ ಕಚೇರಿಯ ಮೀಟರು ಪರೀಕ್ಷೆಯ ಕೋಣೆಯಲ್ಲಿ ಕೂದಲು ಹಣ್ಣಾಗುವ ತನಕ ಮುಳ್ಳುಗಳನ್ನೇ ನೋಡುತ್ತ ಕೂತಿದ್ದವಳಿಗೆ ಅದು ಹೊಸ ಸಂಗತಿಯೇನಲ್ಲ. ಆದರೂ ಇವತ್ತೊಂದು ದಿನದ ಮಟ್ಟಿಗೆ ಅದು ಸುಮ್ಮನಿದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು ಅನ್ನಿಸಿತು.

ಮನೆಯ ಹಿಂದಿನ ಶೆಡ್ಡಿನಲ್ಲಿ, ಮರದ ಚೌಕಟ್ಟಿನ ಮೇಲೆ, ಇಬ್ಬರು ಕೂರುವ ಪುಟ್ಟ ವಿಮಾನದ ಎಡ ರೆಕ್ಕೆ ಮೂಗು ಕೆಳಗೆ ಮಾಡಿಕೊಂಡು ನಿಂತಿತ್ತು. ಬಲ ರೆಕ್ಕೆ ಎಂದೋ ಮುಗಿದು, ಹಳೆಯ ಹೊದಿಕೆ ಹೊದ್ದು ಗೋಡೆಗೆ ಒರಗಿತ್ತು. ಇದರ ಒಂದು ಮಗ್ಗುಲಿನ ತಗಡು ಮಾತ್ರ ಇನ್ನೂ ಅರ್ಧ ತೆರೆದ ಪುಸ್ತಕದ ಹಾಳೆಯ ಹಾಗೆ ಬಾಗಿ ನಿಂತಿತ್ತು. ಒಳಗಿನ ಪಕ್ಕೆಗಳು, ಅವುಗಳ ನಡುವೆ ಹಾದ ತಂತಿಗಳು, ರೆಪ್ಪೆಯನ್ನು ಆಡಿಸುವ ಉಕ್ಕಿನ ಸಲಾಕೆ ಎಲ್ಲ ಕಾಣುತ್ತಿದ್ದವು. ರೆಪ್ಪೆ ಅನ್ನುವುದು ಆಕೆಯ ಗಂಡ ಇಟ್ಟ ಹೆಸರು. ವಿಮಾನ ಎಡಕ್ಕೋ ಬಲಕ್ಕೋ ವಾಲಬೇಕಾದರೆ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಆ ಪಟ್ಟಿಗೆ ನಕ್ಷೆಯಲ್ಲಿ ಬೇರೆ ಹೆಸರಿತ್ತು, ಅದು ಅವರ ನಾಲಿಗೆಗೆ ಹತ್ತಲಿಲ್ಲ. ನಾಳೆ ಬೆಳಿಗ್ಗೆ ತಗಡು ಮುಚ್ಚಿ ರಿವೆಟ್ ಹೊಡೆದರೆ ಮುಗಿಯಿತು, ಒಳಗಿಟ್ಟದ್ದು ಒಳಗೆ, ಹೊರಗುಳಿದದ್ದು ಹೊರಗೆ. ಅದಕ್ಕೆ ಮುಂಚೆ, ಇವತ್ತು ಮಧ್ಯಾಹ್ನದ ಮೇಲೆ, ತಪಾಸಣೆಯವರು ಬಂದು ಒಳಗೆ ಇಣುಕಿ ಆಗಬಹುದು ಅನ್ನಬೇಕು. ಅಷ್ಟರಲ್ಲಿ ಮೂರು ಸೆನ್ಸರುಗಳಿಗೆ ಜಾಗ ಗೊತ್ತಾಗಿರಬೇಕು. ಗಾಳಿಯ ವೇಗ ಅಳೆಯುವ ಕೊಳವೆ ರೆಕ್ಕೆಯ ಕೆಳಗಿನಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ, ಹವೆಯ ಬಿಸಿ ಅಳೆಯುವ ಗುಂಡಿ ಬಿಸಿಲು ಬೀಳದ ಮಗ್ಗುಲಿಗೆ, ಇವೆರಡರ ತಕರಾರಿಲ್ಲ. ತಕರಾರೆಲ್ಲ ಮೂರನೆಯದರದ್ದು. ಬೆಂಕಿಪೊಟ್ಟಣದಷ್ಟು ದೊಡ್ಡದಿದ್ದ ದಿಕ್ಕಿನ ಪೆಟ್ಟಿಗೆ. ಭೂಮಿಯ ಅಯಸ್ಕಾಂತದ ಸೆಳೆತವನ್ನು ಗ್ರಹಿಸಿ, ವಿಮಾನದ ಮೂಗು ಯಾವ ಕಡೆಗಿದೆಯೆಂದು ಹಾರಿಸುವವರಿಗೆ ಹೇಳುವಂಥದ್ದು. ಬಲವಾದ ತಂತಿಯೋ ಅಯಸ್ಕಾಂತವೋ ಹತ್ತಿರವಿದ್ದರೆ ಅದು ಸುಳ್ಳು ಹೇಳುತ್ತದೆ. ಅದೂ ಸಣ್ಣಗೆ, ನಂಬುವ ಹಾಗೆ. ಹಾರಿಸುವವಳು ಮಗಳು.

ಗಂಡ ಹೇಳಿದ್ದ ಜಾಗ ಇದೇ, ಎರಡು ಪಕ್ಕೆಗಳ ನಡುವಿನ ಈ ಗೂಡು. ಆಕೆ ಹೇಳಿದ್ದು ರೆಕ್ಕೆಯ ತುದಿ. ತುದಿಯಲ್ಲಿ ಮಿಣುಕುವ ದೀಪ ಇದೆಯಲ್ಲೇ, ಅದರ ತಂತಿ ಬರುತ್ತಲ್ಲೇ, ಇಳಿಯೋವಾಗ ಮೊದಲು ಪೆಟ್ಟು ತಿನ್ನೋದೂ ಅದೇ, ಇಲ್ಲಾದರೆ ನಡುಮನೆಯಲ್ಲಿ ಕೂತ ಹಾಗೆ ನಿಶ್ಚಿಂತೆ ಅಂದಿದ್ದರು ಅವರು. ದೀಪದ ತಂತಿಯ ಜೊತೆಗೆ ವಾಪಸು ತಂತಿಯನ್ನು ಹೆಣೆದುಬಿಟ್ಟರೆ ಒಂದರ ಸೆಳೆತವನ್ನು ಇನ್ನೊಂದು ತಿಂದುಹಾಕುತ್ತದೆ, ಅದು ದೊಡ್ಡ ಮಾತಲ್ಲ, ನಿಮ್ಮ ಉಕ್ಕಿನ ಸಲಾಕೆ ಇಲ್ಲೇ ಕೈಯಳತೆಯಲ್ಲಿ ಹೋಗಿ ಬಂದು ಮಾಡುತ್ತದೆ, ಅದಕ್ಕೇನು ಹೇಳುತ್ತೀರಿ ಅಂದಿದ್ದಳು ಆಕೆ. ಮಗಳೂ ಅಳಿಯನೂ ಅಲ್ಲೇ ಇದ್ದರು, ಚಹಾದ ಲೋಟ ಹಿಡಿದುಕೊಂಡು.

"ಬರೀ ಉಕ್ಕು ಕಣೇ, ಅಯಸ್ಕಾಂತ ಅಲ್ಲ. ಇಷ್ಟು ದೂರದಿಂದ ಅದೇನೂ ಮಾಡಲ್ಲ. ಬೇಕಾದ್ರೆ ನಿನ್ನ ಮುಳ್ಳು ತಂದು ನೋಡು."

"ನೋಡೋದೇನಿದೆ ಅದರಲ್ಲಿ? ಜೀವಮಾನ ಎಲ್ಲಾ ಅದನ್ನೇ ನೋಡಿದೀನಿ. ಬಸ್ಸಿಗೆ ತಗಡು ಬಡಿದವರಿಗೆ ದಿಕ್ಕಿನ ಯೋಚನೆ ಯಾಕೆ, ಡ್ರೈವರು ತಿರುಗಿಸಿದ ಕಡೆ ಹೋಗತ್ತೆ."

ಎಲ್ಲರೂ ನಕ್ಕರು. ಅವರೂ ನಕ್ಕರು. ಬಸ್ಸಿನ ಮೈಕಟ್ಟುವ ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಹೊಡೆದು ಅರ್ಧ ಕಿವಿ ಕಳೆದುಕೊಂಡಿದ್ದ ಮನುಷ್ಯ, ಮಾತಿನ ತುದಿ ಕೇಳಿಸಲಿಲ್ಲವೇನೋ ಎಂದು ಆಕೆ ಅಂದುಕೊಂಡಿದ್ದಳು. ಕೇಳಿಸಿತ್ತು. ಕಿವಿಯ ಅಂಚು ಕೆಂಪಾಗಿ, ಬಹಳ ಹೊತ್ತು ಹಾಗೇ ಇತ್ತು. ಅವತ್ತು ಮುಳ್ಳು ತಂದು ನೋಡಿಬಿಟ್ಟಿದ್ದರೆ ಆಗುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು ಮೊಲವನ್ನು ಮಗುಚಿ ಎಣಿಸುವುದಿಲ್ಲ.

ಈಗ ಎಣಿಸಿದ್ದಾಯಿತು. ಮುಳ್ಳು ಆಕೆಯ ಪರವಾಗಿಯೇ ಹೇಳುತ್ತಿದೆ. ಗೆದ್ದ ಖುಷಿ ಎಲ್ಲಾದರೂ ಇದೆಯೇ ಎಂದು ಆಕೆ ತನ್ನೊಳಗೆ ತಡಕಿ ನೋಡಿಕೊಂಡಳು. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ, ದಿನವೂ ಹೇಳುವ ಮಾತುಗಳೆಲ್ಲ ಮುಗಿದ ಮೇಲೆ, ಏಳುವ ಮುಂಚೆ, ಇನ್ನೊಂದು ಮಾತು ತಾನಾಗಿಯೇ ಬಾಯಿಗೆ ಬಂದಿತ್ತು: ದೇವರೇ, ಈ ಒಂದು ವಿಷಯದಲ್ಲಿ ಅವರ ಮಾತು ಸರಿಯಾಗಲಿ. ಹೇಳಿದ ಮರುಗಳಿಗೆ ನಾಚಿಕೆಯಾಯಿತು. ಜನ ಮಕ್ಕಳ ಜೀವ ಉಳಿಸು ಅಂತ ಕೇಳುತ್ತಾರೆ, ಮಳೆ ಕೇಳುತ್ತಾರೆ, ಕ್ಷಮೆ ಕೇಳುತ್ತಾರೆ. ಇವಳು ಒಂದು ತಗಡಿನ ಗೂಡಿನ ವಾದದಲ್ಲಿ ಸತ್ತವರು ಗೆಲ್ಲಲಿ ಅಂತ ಕೇಳಿದಳು. ದೇವರಿಗೂ ನಗು ಬಂದಿರಬೇಕು. ನಕ್ಕೇ ಹೀಗೆ ಉತ್ತರ ಕೊಟ್ಟಿರಬೇಕು.

ಅಂಗಳದಲ್ಲಿ ಗೇಟಿನ ಸದ್ದಾಯಿತು. ಆಕೆ ದಿಕ್ಸೂಚಿಯನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಕೈಬಟ್ಟೆ ಹಾಕಿದಳು. ಹಾಕಿದ ಮೇಲೆ, ಕದ್ದು ತಿಂದ ಮಗುವಿನ ಹಾಗೆ ಇದೇನು ಮಾಡಿದೆ ಅನ್ನಿಸಿತು. ಒಳಗೆ ಬಂದವಳು ಮಗಳು, ಹಿಂದೆಯೇ ಅಳಿಯ, ಅವನ ಕೈಯಲ್ಲಿ ಹಲ್ಲು ನೋಡುವ ಕನ್ನಡಿ. ಅಳಿಯ ಹಲ್ಲಿನ ಡಾಕ್ಟರು. ಪಕ್ಕೆಗಳ ಸಂದಿಯಲ್ಲಿ ಕಣ್ಣು ಹೋಗದ ಕಡೆಗೆ ಈ ಕನ್ನಡಿ ಹೋಗುತ್ತದೆಂದು ಮಾವನಿಗೆ ಮೊದಲು ತೋರಿಸಿಕೊಟ್ಟವನು ಅವನೇ.

"ಏನಮ್ಮಾ, ಬೆಳಿಗ್ಗೇನೇ ಇಲ್ಲಿ ಕೂತಿದೀಯ? ಏನಾದ್ರೂ ತಿಂದ್ಯಾ?"

"ತಿಂದೆ."

"ಏನು ತಿಂದೆ?"

"ಏನೋ ತಿಂದೆ ಬಿಡೇ. ನೀನೇನು ಊಟದ ತಪಾಸಣೆಗೆ ಬಂದಿದೀಯಾ?"

ಮಗಳು ಅಮ್ಮನ ಮುಖ ನೋಡಿದಳು. ಅಪ್ಪ ಹೋದಾಗಿನಿಂದ ಅವಳಿಗೆ ಈ ನೋಟ ಬಂದುಬಿಟ್ಟಿದೆ, ಬಿಸಿ ಪಾತ್ರೆಯನ್ನು ಮುಟ್ಟಿ ಮುಟ್ಟಿ ನೋಡುವವರ ನೋಟ. ಅಳಿಯ ಗೂಡಿನೊಳಗೆ ತಲೆ ಹಾಕಿ, "ಅತ್ತೆ, ಪೆಟ್ಟಿಗೆ ಇಲ್ಲೇ ಕೂರಿಸೋದು ಅಂತ ಆಯ್ತಾ? ಹಿತ್ತಾಳೆ ಸ್ಕ್ರೂ ತಂದಿದೀನಿ, ಕಬ್ಬಿಣದ್ದು ಆಗಲ್ಲ ಅಂತ ನೀವೇ ಹೇಳಿದ್ರಲ್ಲ. ಈಗ್ಲೇ ಹಾಕಿಬಿಡ್ಲಾ?" ಅಂದ.

ಹಾಕಿಬಿಡಿ ಅನ್ನಬಹುದಿತ್ತು. ಅಷ್ಟು ಅಂದರೆ ಸಾಕಿತ್ತು. ಇವನಿಗೆ ಗೊತ್ತಾಗುವುದಿಲ್ಲ, ತಪಾಸಣೆಯವರು ರಿವೆಟ್ಟುಗಳ ತಲೆ ನೋಡುವವರು, ರೆಪ್ಪೆ ಆಡಿಸಿ ಮುಳ್ಳು ನೋಡುವುದು ಯಾರಿಗೂ ಹೊಳೆಯಲಿಕ್ಕಿಲ್ಲ. ನಾಳೆ ತಗಡು ಮುಚ್ಚಿದ ಮೇಲೆ ಗಂಡ ಹೇಳಿದ ಜಾಗದಲ್ಲೇ ಅದು ಇರುತ್ತದೆ, ಅವರ ಮಾತು ನಡೆದ ಹಾಗಿರುತ್ತದೆ. ಆಮೇಲೆ ಒಂದು ದಿನ ಮಗಳು ಮೋಡದೊಳಗೆ ವಿಮಾನವನ್ನು ವಾಲಿಸುತ್ತಾಳೆ, ವಾಲಿಸಿದ ಗಳಿಗೆಯಲ್ಲೇ ಸಲಾಕೆ ಸರಿದು ಪೆಟ್ಟಿಗೆ ಸಣ್ಣಗೆ, ನಂಬುವ ಹಾಗೆ, ಬೆಟ್ಟದ ಕಡೆಯನ್ನು ಬಯಲು ಅನ್ನುತ್ತದೆ. ಆಕೆಯ ಕೈ ಮಡಿಲಲ್ಲಿದ್ದ ಬಟ್ಟೆಯನ್ನು ತಾನಾಗಿ ಸರಿಸಿತು.

"ಬೇಡ, ಸ್ವಲ್ಪ ತಡೀರಿ. ರೆಪ್ಪೆ ಆಡಿಸಿದ್ರೆ ಮುಳ್ಳು ಓಡ್ತಿದೆ."

ಆಕೆ ದಿಕ್ಸೂಚಿಯನ್ನು ಮತ್ತೆ ಗೂಡಿನಲ್ಲಿಟ್ಟು ರೆಪ್ಪೆ ಆಡಿಸಿದಳು, ಮೂವರೂ ಬಗ್ಗಿ ನೋಡಿದರು. ಮುಳ್ಳು ಕಿಟಕಿಗೆ ಹೋಯಿತು, ಬಾಗಿಲಿಗೆ ಬಂತು.

"ಹಾಗಾದ್ರೆ ನೀನು ಹೇಳಿದ್ದೇ ಸರಿ ಅಮ್ಮ," ಅಂದಳು ಮಗಳು ಮೆಲ್ಲಗೆ. "ತುದಿಗೇ ಹಾಕೋಣ. ಕೊನೇ ಪಕ್ಕೇಲಿ ಒಂದು ತೂತು ಕೊರೆದ್ರೆ ಆಯ್ತು. ಅಪ್ಪ ಇದ್ದಿದ್ರೂ ಇದನ್ನ ನೋಡಿದ್ರೆ ಒಪ್ಕೋತಿದ್ರು."

ಒಪ್ಪಿಕೊಳ್ಳುತ್ತಿದ್ದರು. ಅದೇ ಕಷ್ಟ. ಸೋತ ಮಾತನ್ನು ಹೊಟ್ಟೆಗೆ ಹಾಕಿಕೊಂಡು, ಮುಳ್ಳಮ್ಮ ಗೆದ್ದಳಪ್ಪ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿ, ತೂತು ಕೊರೆಯುವ ಯಂತ್ರವನ್ನು ತಾವೇ ತರುತ್ತಿದ್ದರು. ಮೀಟರಿನ ಮುಳ್ಳು ನೋಡುವವಳೆಂದು ಮದುವೆಯ ಹೊಸದರಲ್ಲಿ ಇಟ್ಟ ಹೆಸರು ಅದು, ಚುಚ್ಚುವವಳೆಂಬುದೂ ಅದರಲ್ಲಿ ಸೇರಿದೆಯೆಂದು ಆಮೇಲೆ ನಗುತ್ತಿದ್ದರು.

ಅವತ್ತಿನ ಆ ಮಾತಾದ ಮೇಲೆ ಆಕೆ ಶೆಡ್ಡಿಗೆ ಕಾಲಿಡಲಿಲ್ಲ. ಮನೆಯಲ್ಲಿ ಮಾತಿಗೆ ಕೊರತೆಯಿರಲಿಲ್ಲ, ಊಟ ಬಡಿಸಿದಳು, ಅಂಗಿಗೆ ಗುಂಡಿ ಹೊಲಿದಳು. ಶೆಡ್ಡಿಗೆ ಮಾತ್ರ ಹೋಗಲಿಲ್ಲ. ರಿವೆಟ್ ಹೊಡೆಯುವುದಕ್ಕೆ ಇಬ್ಬರು ಬೇಕು. ಹೊರಗಿನಿಂದ ಒಬ್ಬರು ಗನ್ನು ಒತ್ತಿದರೆ ಒಳಗಿನಿಂದ ಇನ್ನೊಬ್ಬರು ಡಾಲಿ ಹಿಡಿಯಬೇಕು, ಅಂಗೈಯಲ್ಲಿ ಕೂರುವ ಉಕ್ಕಿನ ಗಟ್ಟಿ; ಎರಡರ ನಡುವೆ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಹೊಡೆಯುವವರಿಗೆ ಹಿಡಿಯುವವರ ಮುಖ ಕಾಣುವುದಿಲ್ಲ, ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ಅದಕ್ಕೇ ತಟ್ಟುವ ಲೆಕ್ಕ. ಅವರು ಹೊರಗಿನಿಂದ ಬೆರಳ ಗೆಣ್ಣಿನಲ್ಲಿ ತಗಡನ್ನು ತಟ್ಟಿದರೆ, ಇದೀಯಾ ಅಂತ. ಆಕೆ ಒಳಗಿನಿಂದ ಡಾಲಿಯಲ್ಲಿ ಒಮ್ಮೆ ತಟ್ಟಿದರೆ, ಇದ್ದೀನಿ, ಹೊಡೀರಿ ಅಂತ. ಬಲ ರೆಕ್ಕೆಯನ್ನು ಪೂರ್ತಿ ಹಾಗೇ ಕಟ್ಟಿದ್ದರು, ತಗಡಿನ ಆಚೆಗೊಬ್ಬರು ಈಚೆಗೊಬ್ಬರು ಕೂತು. ಆಕೆ ಹೋಗದ ದಿನಗಳಲ್ಲಿ ಅವರು ಒಬ್ಬರೇ ಆಗುವ ಕೆಲಸ ಮಾಡುತ್ತ ಉಳಿದರು, ತಂತಿಗೆ ಕೊಳವೆ ತೂರಿಸುವುದು, ಅಂಚಿಗೆ ಅರ ಹಾಕುವುದು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಎರಡು ಕೈಯನ್ನೂ ರೆಕ್ಕೆಯೊಳಗೆ ಹಾಕಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಕಟ್ಟಿಸಿದ ಹಲ್ಲು. ನಾನು ಕಟ್ಟಿದ ಹಲ್ಲು ಟಾರ್ಚು ಹಿಡಿಯೋಕಲ್ಲ ಮಾವ, ಅಂತ ಅಳಿಯ ಗೋಳಾಡಿದ್ದ. ಆಕೆ ಹೋಗಿ ಒಂದು ಟಾರ್ಚು ಹಿಡಿದು ನಿಂತಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಪೇಟೆಗೆ ಹೋಗಿ, ಹಿಂಬದಿಯಲ್ಲಿ ಅಯಸ್ಕಾಂತವಿರುವ, ಎಲ್ಲಿ ಬೇಕಾದರಲ್ಲಿ ಅಂಟಿಕೊಳ್ಳುವ ಒಂದು ದೀಪ ತಂದು ಶೆಡ್ಡಿನ ಬಾಗಿಲಲ್ಲಿಟ್ಟು ಬಂದಳು.

ಸಂಜೆ ಊಟಕ್ಕೆ ಕೂತಾಗ ಅವರು, "ದೀಪ ಬಹಳ ಚೆನ್ನಾಗಿದೆ ಮುಳ್ಳಮ್ಮ. ಡಾಲಿ ಹಿಡಿಯೋಕೆ ಮಾತ್ರ ಅದಕ್ಕೆ ಕೈ ಇಲ್ಲ," ಅಂದಿದ್ದರು.

"ಅತ್ತೆ? ತುದಿಗೇ ಹಾಕೋದಾ?" ಅಳಿಯ ಕೇಳುತ್ತಿದ್ದ, ಎರಡನೆಯ ಸಲವೋ ಮೂರನೆಯ ಸಲವೋ.

ಆಕೆ ಗೂಡಿನೊಳಗೆ ಬಗ್ಗಿದಳು. ಗೂಡಿನ ಮೂಲೆಯಲ್ಲಿ ಆ ದೀಪ ಈಗ ಇರಲಿಲ್ಲ, ಅದನ್ನು ಯಾರೋ ತೆಗೆದು ಮೇಜಿನ ಮೇಲಿಟ್ಟಿದ್ದರು, ಆದರೆ ಅದು ಎಲ್ಲಿ ಅಂಟಿಕೊಂಡಿರುತ್ತಿತ್ತು? ರೆಕ್ಕೆಯೆಲ್ಲ ಅಲ್ಯೂಮಿನಿಯಂ. ಪಕ್ಕೆ ಅಲ್ಯೂಮಿನಿಯಂ, ತಗಡು ಅಲ್ಯೂಮಿನಿಯಂ, ಚೌಕಟ್ಟು ಮರದ್ದು. ಅಯಸ್ಕಾಂತ ಕಚ್ಚಿಕೊಳ್ಳಬೇಕೆಂದರೆ ಇಷ್ಟು ದೊಡ್ಡ ರೆಕ್ಕೆಯಲ್ಲಿ ಒಂದೇ ಒಂದು ಜಾಗ. ಆಕೆ ಕಿಟಕಿಯಿಂದ ಕನ್ನಡಕ ತಂದುಕೊಂಡು, ಅಳಿಯನ ಕೈಯಿಂದ ಕನ್ನಡಿ ಕಿತ್ತುಕೊಂಡು, ಸಲಾಕೆಯ ಹಿಂಬದಿಗೆ ಹಿಡಿದಳು. ಹಸಿರು ಬಣ್ಣ ಅಲ್ಲಿ ಒಂದು ದುಂಡನೆಯ ಜಾಗದಲ್ಲಿ ಸವೆದು ಹೊಳೆಯುತ್ತಿತ್ತು. ದಿನಾ ಹಚ್ಚಿ ದಿನಾ ಕಿತ್ತ ಜಾಗ. ಕುಪ್ಪಸಕ್ಕೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿಯನ್ನು ತೆಗೆದು ಆ ಜಾಗದ ಹತ್ತಿರ ತಂದಳು. ಸೂಜಿ ಬೆರಳು ಬಿಟ್ಟು ಹೋಗಿ ಸಲಾಕೆಗೆ ಕಚ್ಚಿಕೊಂಡು ನಿಂತಿತು.

"ಬರೀ ಉಕ್ಕು ಸೂಜಿ ಎಳೆಯಲ್ಲ," ಅಂದಳು. ತನ್ನ ದನಿ ಬೇರೆ ಯಾರದ್ದೋ ಅನ್ನಿಸಿತು. "ಇದಕ್ಕೆ ಅಯಸ್ಕಾಂತ ಆಮೇಲೆ ಹಿಡಿದದ್ದು. ನಾನು ತಂದ ದೀಪದಿಂದ."

ಅವರು ಆ ಮಾತು ಹೇಳಿದ ದಿನ ಸಲಾಕೆ ಬರೀ ಉಕ್ಕೇ ಆಗಿತ್ತು. ಅವತ್ತು ನೋಡಿದ್ದರೆ ಮುಳ್ಳು ಅಲುಗುತ್ತಿರಲಿಲ್ಲ. ಅಲುಗುತ್ತಿರಲಿಲ್ಲವೇ? ಅದು ಗೊತ್ತಾಗುವುದಕ್ಕೆ ಒಂದೇ ದಾರಿ, ಹಿಡಿದದ್ದನ್ನು ಬಿಡಿಸಿ ನೋಡುವುದು. ಆಕೆ ಎದ್ದು ಚಪ್ಪಲಿ ಮೆಟ್ಟಿದಳು. ಎಲ್ಲಿಗಮ್ಮಾ ಎಂದು ಮಗಳು ಕೇಳಿದ್ದಕ್ಕೆ, "ಆ ಸಲಾಕೆ ಬಿಚ್ಚಿ ಮರದ ಮೇಜಿನ ಮೇಲೆ ಇಟ್ಟಿರಿ, ಎರಡೇ ಬೋಲ್ಟು. ಬಂದೆ," ಅಂದು ಹೊರಟೇಬಿಟ್ಟಳು.

ಬೀದಿಯ ಮೂಲೆಯಲ್ಲಿ ಟಿ.ವಿ. ರಿಪೇರಿಯವನ ಅಂಗಡಿ. ಡಬ್ಬಿಯಂಥ ಹಳೆಯ ಟಿ.ವಿ.ಗಳ ಕಾಲ ಮುಗಿದು ಎಷ್ಟೋ ವರ್ಷವಾದರೂ ಅವನು ಒಂದನ್ನೂ ಎಸೆದಿರಲಿಲ್ಲ. ಅಂಥ ಟಿ.ವಿ.ಯ ಪರದೆಗೆ ಅಯಸ್ಕಾಂತ ಹಿಡಿದು ಬಣ್ಣ ಕೆಟ್ಟರೆ ಅದನ್ನು ಬಿಡಿಸುವುದಕ್ಕೆ ಒಂದು ದೊಡ್ಡ ಬಳೆಯಂಥ ತಂತಿಸುರುಳಿ ಇರುತ್ತಿತ್ತು. ಆಕೆ ಕೇಳಿದ್ದಕ್ಕೆ ಅವನು ಸ್ಕ್ರೂ ಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ನೋಡಿದ.

"ಅಕ್ಕಾ, ನಿಮ್ಮನೇಲಿ ಈಗ್ಲೂ ಡಬ್ಬಿ ಟಿ.ವಿ. ಇದೆಯಾ?"

"ಟಿ.ವಿ.ಗಲ್ಲ, ವಿಮಾನಕ್ಕೆ."

"ಓ. ವಿಮಾನದಲ್ಲಿ ಬಣ್ಣ ಸರಿಯಾಗಿ ಬರ್ತಿಲ್ವಾ?" ಅಂದವನು, ಆಕೆ ನಗದಿದ್ದುದನ್ನು ನೋಡಿ ನಾಲಿಗೆ ಕಚ್ಚಿಕೊಂಡು ಅಟ್ಟಕ್ಕೆ ಹತ್ತಿದ. ಅಲ್ಲಿಂದಲೇ ಮಾತು ಮುಂದುವರಿಸಿದ. "ಅಣ್ಣ ಹೋದ ಮೇಲೆ ಅದನ್ನ ಮಾರಿಬಿಡ್ತೀರ ಅಂದ್ಕೊಂಡಿದ್ದೆ. ಬೀದೀಲೆಲ್ಲ ಹಂಗೇ ಮಾತಾಡ್ತಿದ್ರು."

"ಬೀದಿಗೆ ಬೇರೆ ಕೆಲಸ ಇಲ್ಲ."

"ಅದೂ ನಿಜ ಅನ್ನಿ." ಧೂಳು ಮುಚ್ಚಿದ ಸುರುಳಿಯನ್ನು ಕೊರಳಿಗೆ ಹಾಕಿಕೊಂಡೇ ಇಳಿದ. "ಗುಂಡಿ ಕೆಟ್ಟಿದೆ. ಪ್ಲಗ್ಗು ಹಾಕಿದ್ರೆ ಹತ್ಕೊಳ್ಳತ್ತೆ, ಕಿತ್ರೆ ಆರತ್ತೆ. ಬೇಗ ಕಾಯತ್ತೆ, ಹುಷಾರು. ಆರಿಸೋವಾಗ ಮಾತ್ರ..."

"ಗೊತ್ತು."

ಗೊತ್ತಿದ್ದರೂ ಮೊದಲ ಸಲ ಕೆಟ್ಟಿತು. ಸುರುಳಿಗೆ ವಿದ್ಯುತ್ ಬಂದೊಡನೆ ಅದು ಜೇನುಗೂಡಿನ ಹಾಗೆ ಗುಂಯ್ಗುಟ್ಟಿತು. ಮೇಜಿನ ಮೇಲೆ ಮಲಗಿದ್ದ ಸಲಾಕೆಯ ಸುತ್ತ ಆಕೆ ಅದನ್ನು ನಿಧಾನವಾಗಿ ಸುಳಿಸಿದಳು, ತುದಿಯಿಂದ ತುದಿಗೆ, ಆ ಹೊಳೆಯುವ ಜಾಗದ ಮೇಲೆ ಇನ್ನಷ್ಟು ನಿಧಾನ. ಅಲ್ಲಿ ಬಂದಾಗ ಕೈ ನಿಂತಿತು. ಅವರ ಹೆಬ್ಬೆರಳು ದಿನವೂ ತಾಗಿದ ಜಾಗ. ಇನ್ನು ಹಿಂದೆ ಸರಿಯಬೇಕು, ಸರಿಯಬೇಕು ಎಂದುಕೊಂಡಳು; ಕೈ ಸರಿಯಲಿಲ್ಲ. ಬಿಸಿ ಅಂಗೈಗೆ ಹತ್ತಿತು. ಅರಗು ಸುಟ್ಟ ವಾಸನೆ ಬಂತು. ಅಳಿಯ ಗಾಬರಿಯಾಗಿ ಗೋಡೆಯಿಂದ ಪ್ಲಗ್ಗು ಕಿತ್ತುಬಿಟ್ಟ.

"ಕೈ ಸುಟ್ಕೊಂಡ್ರಾ ಅತ್ತೆ? ಹೊಗೆ ಬಂತು, ಅದಕ್ಕೇ..."

ಸೂಜಿ ತಂದು ನೋಡಿದರೆ ಮೊದಲಿಗಿಂತ ದೂರದಿಂದಲೇ ಹಾರಿ ಕಚ್ಚಿಕೊಂಡಿತು. ಅಳಿಯನ ಮುಖ ಸಣ್ಣದಾಯಿತು.

"ನಿಮ್ಮದಲ್ಲ ತಪ್ಪು," ಅಂದಳು ಆಕೆ, ಅಂಗೈಗೆ ಊದಿಕೊಳ್ಳುತ್ತ. "ಹತ್ತಿರ ಇದ್ದಾಗ ಒಮ್ಮೆಲೇ ಆರಿಸಿದ್ರೆ, ಆರಿಸಿದ ಗಳಿಗೆ ಯಾವುದೋ ಅದೇ ಒಳಗೆ ಉಳ್ಕೊಂಡುಬಿಡತ್ತೆ. ಉರೀತಿರೋ ಹಾಗೇ ಹಿಂದಕ್ಕೆ ಹೋಗಬೇಕು. ದೂರ ಹೋಗಿ, ಇನ್ನು ತಾಗಲ್ಲ ಅನ್ನೋವಾಗ ಆರಿಸಬೇಕು. ನಾನು ನಿಂತುಬಿಟ್ಟೆ."

ಸುರುಳಿ ತಣ್ಣಗಾಗುವ ತನಕ ಕಾಯಬೇಕಾಯಿತು. ಮಗಳು ಉದ್ದನೆಯ ತಂತಿ ಹುಡುಕಿ ತಂದು ಜೋಡಿಸಿದಳು. ಶೆಡ್ಡಿನ ಬಾಗಿಲಾಚೆ ನಲ್ಲಿ ಕಾಣುತ್ತಿತ್ತು. ಅವರು ಹೋದ ದಿನ ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಂಗಳದ ಆಚೆಯಿಂದ ಸದ್ದು ಬಂತು, ಬೆರಳ ಗೆಣ್ಣಿನಲ್ಲಿ ತಗಡು ತಟ್ಟುವ ಸದ್ದು. ಅಷ್ಟು ದೂರಕ್ಕೆ ಕೇಳಿಸಲೆಂದೇ ಜೋರಾಗಿ ತಟ್ಟಿದ್ದರು. ಇದೀಯಾ. ಆಕೆಗೆ ಒಳಗೊಳಗೇ ನಗು ಬಂದಿತ್ತು. ಮುದುಕನಿಗೆ ಸಾಕಾಯಿತು, ರಾಜಿಗೆ ಬರುತ್ತಿದ್ದಾನೆ ಅಂದುಕೊಂಡಿದ್ದಳು, ಇನ್ನೊಂದು ಸಲ ತಟ್ಟಲಿ, ಆಮೇಲೆ ಹೋಗೋಣ. ಇನ್ನೊಂದು ಸಲ ತಟ್ಟಿದರು. ಈ ಪಾತ್ರೆಯೊಂದು ಮುಗಿಯಲಿ ಅಂದುಕೊಂಡಳು. ಮೂರನೆಯದು ಬರಲಿಲ್ಲ. ಅವರು ಕೆಲಸ ಬಿಟ್ಟು ಕೈ ತೊಳೆಯಲು ನಲ್ಲಿಗೆ ಬಂದಿದ್ದರು, ಅಲ್ಲೇ ಬಿದ್ದಿದ್ದರು. ನೀರು ಹರಿಯುತ್ತಲೇ ಇತ್ತು. ಡಾಕ್ಟರು, ಎದೆ ನಿಂತದ್ದು ಒಂದೇ ಏಟಿಗೆ, ನೀವು ಪಕ್ಕದಲ್ಲೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಅಂದರು. ಅದು ಜೀವದ ಮಾತು. ತಟ್ಟಿದ್ದಕ್ಕೆ ತಟ್ಟುವುದು ಬೇರೆ ಮಾತು, ಅದನ್ನು ಯಾವ ಡಾಕ್ಟರನ್ನೂ ಕೇಳಲಾಗುವುದಿಲ್ಲ. ದೇವರನ್ನು ಕೇಳಿದ್ದಳು. ಅವನು ಇನ್ನೂ ಪಾತ್ರೆ ತೊಳೆಯುತ್ತಿದ್ದಾನೇನೋ.

"ಅಮ್ಮ, ರೆಡಿ," ಅಂದಳು ಮಗಳು.

ಮತ್ತೆ ಗುಂಯ್ ಎಂದಿತು. ಆಕೆ ಸಲಾಕೆಯ ಉದ್ದಕ್ಕೂ ಸುರುಳಿಯನ್ನು ಸುಳಿಸಿದಳು, ಹೊಳೆಯುವ ಜಾಗಕ್ಕೆ ಬಂದಳು, ಅಲ್ಲಿ ನಿಲ್ಲಲಿಲ್ಲ. ಸುಳಿಸುತ್ತಲೇ ಒಂದು ಹೆಜ್ಜೆ ಹಿಂದಿಟ್ಟಳು. ಬೆನ್ನು ಹಾಕುವಂತಿಲ್ಲ, ಮುಖ ಅದರ ಕಡೆಗೇ ಇರಬೇಕು, ದೂರ ಮಾತ್ರ ಹೆಚ್ಚಬೇಕು. ಮಗಳು ಹಿಂದಿನಿಂದ ಸೊಂಟ ಹಿಡಿದು ದಾರಿ ತೋರಿಸುತ್ತಿದ್ದಳು, ಸ್ಟೂಲಿದೆ ಅಮ್ಮ, ಈಗ ಹೊಸ್ತಿಲು, ಕಾಲೆತ್ತು. ಅಳಿಯ ತಂತಿ ಬಿಡುತ್ತ ಬಂದ. ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಾಗ ಬಿಸಿಲು ನೆತ್ತಿಗೆ ಬಿತ್ತು. ಒಳಗೆ, ಮೇಜಿನ ಮೇಲೆ, ಸಲಾಕೆ ಒಂದು ಗೆರೆಯಷ್ಟು ಕಾಣುತ್ತಿತ್ತು. ಕೈಗಳು ಇನ್ನೂ ಸುತ್ತುತ್ತಲೇ ಇದ್ದವು. ನಲ್ಲಿಯ ಹತ್ತಿರ ಬಂದಾಗ ಕಾಲಡಿ ಒದ್ದೆ ತಾಗಿತು.

"ಆರಿಸಲಾ ಅತ್ತೆ?" ಅಳಿಯ ಗೋಡೆಯ ಹತ್ತಿರದಿಂದ ಕೂಗಿ ಕೇಳಿದ.

ಆಕೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದಳು.

"ಹೂಂ. ಈಗ ಆರಿಸಿ."

ಸೂಜಿ ಬೆರಳಿನಲ್ಲೇ ಉಳಿಯಿತು. ಸಲಾಕೆಯನ್ನು ಮತ್ತೆ ಎರಡು ಬೋಲ್ಟಿಗೆ ಕೂರಿಸಿ, ಅವರು ಹೇಳಿದ ಗೂಡಿನಲ್ಲಿ ದಿಕ್ಸೂಚಿ ಇಟ್ಟು, ಮಗಳು ರೆಪ್ಪೆಯನ್ನು ಪೂರ್ತಿ ಕೆಳಗೆ, ಪೂರ್ತಿ ಮೇಲೆ ಆಡಿಸಿದಳು. ಮುಳ್ಳು ಬಾಗಿಲನ್ನು ನೋಡುತ್ತ ನಿಂತಿತ್ತು. ಆಕೆ ಮಗಳ ಕೈಯಲ್ಲಿ ಬಹಳ ಹೊತ್ತು ಹಾಗೇ ಆಡಿಸಿದಳು. ಸಾಕಮ್ಮ ಅಂದರೂ ಬಿಡಲಿಲ್ಲ. ಕೊನೆಗೆ ತಾನೇ ಕೂತು ಹಿತ್ತಾಳೆಯ ಸ್ಕ್ರೂಗಳನ್ನು ಬಿಗಿದಳು.

ತಪಾಸಣೆಯವರು ಹೇಳಿದ ಹೊತ್ತಿಗಿಂತ ತಡವಾಗಿ ಬಂದರು. ಸಣ್ಣ ಮೈಕಟ್ಟಿನ, ಕಡಿಮೆ ಮಾತಿನ ಮನುಷ್ಯ; ಬಂದವರೇ ಬಾಗಿಲಲ್ಲಿದ್ದ ಆಕೆಯನ್ನು ನೋಡಿ, ಸ್ವಲ್ಪ ನೀರು ಕೊಡ್ತೀರಾಮ್ಮ ಅಂದು, ಪ್ರಶ್ನೆಗಳನ್ನೆಲ್ಲ ಅಳಿಯನ ಮುಂದೆ ಹರಡಿದರು. ಆಕೆ ನೀರು ತಂದು ಕೊಟ್ಟಳು. ಅವರು ಪಕ್ಕೆಗಳ ನಡುವೆ ಕನ್ನಡಿ ತೂರಿಸಿ, ರಿವೆಟ್ಟುಗಳ ಮೇಲೆ ಬೆರಳಾಡಿಸಿ, ಕೊಳವೆಯ ಜೋಡಣೆ ಎಳೆದು ನೋಡಿ, ಆ ಗೂಡಿನ ಮುಂದೆ ನಿಂತರು.

"ಇದನ್ನ ಎಲ್ಲರೂ ತುದಿಗೆ ಹಾಕ್ತಾರಲ್ಲ. ಇಲ್ಲಿ ಯಾಕೆ?"

ಅಳಿಯ ಅತ್ತೆಯ ಮುಖ ನೋಡಿದ.

"ನಮ್ಮನೆಯವರು ಹೇಳಿದ ಜಾಗ," ಅಂದಳು ಆಕೆ. "ನಾನು ಬೇಡ ಅಂದಿದ್ದೆ. ಸಲಾಕೆ ಹತ್ತಿರ ಆಗತ್ತೆ ಅಂತ. ಇವತ್ತು ಪರೀಕ್ಷೆ ಮಾಡಿ ನೋಡಿದ್ವಿ, ಅವರು ಹೇಳಿದ್ದೇ ಸರಿ."

ಅವರು ತಿರುಗಿ ಆಕೆಯನ್ನು ಮೊದಲ ಸಲವೆಂಬಂತೆ ನೋಡಿ, ಜೇಬಿನಿಂದ ತಮ್ಮದೇ ಒಂದು ಪುಟ್ಟ ದಿಕ್ಸೂಚಿ ತೆಗೆದರು. ಹಾಗಾದರೆ ಇವರಿಗೆ ಹೊಳೆಯುತ್ತಿತ್ತು, ಎಂದುಕೊಂಡಳು ಆಕೆ, ಬೆಳಿಗ್ಗೆಯ ಕೈಬಟ್ಟೆ ನೆನಪಾಗಿ ಕಿವಿ ಬಿಸಿಯಾಯಿತು. ಅವರು ರೆಪ್ಪೆ ಆಡಿಸಿದರು. ಆಡಿಸಿ, ಕಾದು, ಮತ್ತೆ ಆಡಿಸಿದರು.

"ಅಲ್ಲಾಡ್ತಿಲ್ಲ," ಅಂದರು. "ಮುಚ್ಚಬಹುದು. ಮೇಲೆ ಹೋದ ಮೇಲೆ ಇನ್ನೊಂದ್ಸಲ ನೋಡ್ಕೊಳ್ಳಿ."

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಆಕೆ ಏನನ್ನೂ ಕೇಳಲಿಲ್ಲ, ಹೇಳಬೇಕಾದ್ದನ್ನು ಹೇಳಿ ಎದ್ದಳು. ತಗಡನ್ನು ಮಡಿಸಿ ಮುಚ್ಚಿದಾಗ ರೆಕ್ಕೆಯ ಒಳಗೆ ಕತ್ತಲಾಯಿತು. ಕೈ ಹೋಗುವಷ್ಟು ಒಂದು ಕಿಂಡಿ ಮಾತ್ರ ಉಳಿದಿತ್ತು, ಕೊನೆಯ ಸಾಲಿಗೆ. ಆಕೆ ಡಾಲಿ ಹಿಡಿದು ಭುಜದ ತನಕ ಕೈ ಒಳಗೆ ಹಾಕಿ, ಕೆನ್ನೆಯನ್ನು ತಗಡಿಗೆ ಒತ್ತಿ ಕೂತಳು. ಆಚೆ ಕಡೆ ಮಗಳು ಗನ್ನು ಹಿಡಿದು ನಿಂತಿದ್ದಳು. ತಗಡು ತಣ್ಣಗಿತ್ತು, ಒಳಗಿನಿಂದ ಬಣ್ಣದ, ಎಣ್ಣೆಯ ವಾಸನೆ ಬರುತ್ತಿತ್ತು. ಅಳಿಯ ಅದೇ ದೀಪವನ್ನು ಎತ್ತಿ ಹಿಡಿದಿದ್ದ, ಕೈಯಲ್ಲೇ, ದೂರದಿಂದ. ಅದನ್ನೆಲ್ಲೂ ಅಂಟಿಸಕೂಡದೆಂದು ಬೆಳಿಗ್ಗೆಯಿಂದ ಅವನೇ ಎಲ್ಲರಿಗೂ ಹೇಳುತ್ತಿದ್ದ. ರೆಕ್ಕೆಯ ಆಚೆ ಬದಿಯಿಂದ ಸದ್ದು ಬಂತು. 'ಅಮ್ಮಾ' ಅಂತ ಕೂಗಲಿಲ್ಲ ಮಗಳು. ಅಪ್ಪನನ್ನು ನೋಡಿ ಕಲಿತವಳು, ಬೆರಳ ಗೆಣ್ಣಿನಲ್ಲಿ ತಗಡನ್ನು ತಟ್ಟಿದಳು.

ಆಕೆ ಒಳಗಿನಿಂದ ಒಮ್ಮೆ ತಟ್ಟಿದಳು.